ಅಚ್ಚಿನ ಖರ್ಚು ಯಾರದು?

(ಸಾರ್ವಜನಿಕ ಹಣದ ಸಂಶೋಧನೆ ಮತ್ತು ಮುಕ್ತ ಪ್ರಕಟಣೆ: ಭೈರುಂಬೆಯಲ್ಲಿ ನೀಡಿದ ದತ್ತಿ ಉಪನ್ಯಾಸ)



ದತ್ತಿ ಎಂಬ ಮಾತಿನಿಂದಲೇ ತೊಡಗುತ್ತೇನೆ. ಹಿರಿಯರೊಬ್ಬರು ತಮ್ಮ ದುಡಿಮೆಯ ಒಂದು ಪಾಲನ್ನು ತೆಗೆದಿಟ್ಟರು. ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯಲಿ, ಅದು ಪುಸ್ತಿಕೆಯಾಗಿ ಅಚ್ಚಾಗಲಿ ಎಂದು ಬಯಸಿದರು. ಬಾಗಿಲಲ್ಲಿ ಟಿಕೆಟ್ಟು ಇಡಿ ಎನ್ನಲಿಲ್ಲ. ಮಾತಾಡಲು ಬಂದವನಿಂದ ವೇದಿಕೆಯ ಬಾಡಿಗೆ ವಸೂಲು ಮಾಡಿ ಎಂದೂ ಹೇಳಲಿಲ್ಲ. ಕೇಳುವವರಿಗೆ ಖರ್ಚಿಲ್ಲ, ಹೇಳುವವನಿಗೂ ಖರ್ಚಿಲ್ಲ. ಹಾಗೆಂದು ಖರ್ಚೇ ಇಲ್ಲವೆಂದಲ್ಲ. ಮೈಕಿನವರಿಗೆ, ಮುದ್ರಣಾಲಯಕ್ಕೆ, ಚಹಾ ಕಾಸಿದವರಿಗೆ ಹಣ ಸಲ್ಲಲೇಬೇಕು. ಅದನ್ನು ಎಲ್ಲರ ಪರವಾಗಿ ಒಬ್ಬರು ಮೊದಲೇ ಹೊತ್ತಿದ್ದಾರೆ. ಸರ್ಕಾರದ ಅನುದಾನದಿಂದ ನಡೆಯುವ ಸಂಶೋಧನೆಯ ಫಲ ಲೋಕಕ್ಕೆ ತಲುಪುವುದೂ ಹೀಗೆಯೇ ಆಗಬೇಕು ಎಂಬುದೇ ಇಂದು ನಾನು ನಿಮ್ಮ ಮುಂದಿಡುವ ವಿಚಾರ.

ನಮ್ಮ ಕಾಡಿನ ಲೆಕ್ಕ

ಇದು ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಕೂತು ಆಡಬೇಕಾದ ಮಾತು, ಭೈರುಂಬೆಗೆ ಇದರಿಂದ ಏನಾಗಬೇಕು ಎಂದು ಕೆಲವರಿಗೆ ಅನ್ನಿಸಬಹುದು. ಹಾಗಾಗಿ ಭೈರುಂಬೆಯ ಕಾಡಿನ ಕಥೆಯನ್ನೇ ಮೊದಲು ಹೇಳುತ್ತೇನೆ.

1983ರ ಸೆಪ್ಟೆಂಬರಿನಲ್ಲಿ ನಮ್ಮದೇ ಶಿರಸಿ ತಾಲೂಕಿನ ಸಾಲ್ಕಣಿ ಕಡೆಯ ಜನ ಕಳಾಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಮರುವರ್ಷ, 1984ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಉತ್ತರ ಕನ್ನಡದಲ್ಲಿ ಒಂದೊಂದು ಹೆಕ್ಟೇರಿನ ಎಂಟು ಕಾಡಿನ ತಾಕುಗಳನ್ನು ಗುರುತು ಮಾಡಿದರು. ಕರಾವಳಿ ಮಗ್ಗುಲಲ್ಲಿ ಸಂತೆಗುಳಿ, ಚಂದಾವರ, ಮಿರ್ಜಾನ, ನಾಗೂರು. ಇತ್ತ ಘಟ್ಟದ ಕಡೆ ಬಿದರಳ್ಳಿ, ಸೋಂದಾ, ಸುಗಾವಿ ಮತ್ತು ನಮ್ಮ ಭೈರುಂಬೆ. ಆ ತಾಕಿನೊಳಗಿನ ಮರಗಳ ಜಾತಿ ಗುರುತಿಸಿ, ಸುತ್ತಳತೆ ಹಿಡಿದು ಬರೆದಿಟ್ಟರು. ವರ್ಷಗಳು ಕಳೆದ ಮೇಲೆ ಮತ್ತೆ ಅಳೆದರು. ಯಾವ ಮರ ಸತ್ತಿತು, ಯಾವುದು ದಪ್ಪವಾಯಿತು, ಹೊಸದಾಗಿ ಯಾವುದು ಮೇಲೆದ್ದಿತು ಎಂಬ ಲೆಕ್ಕ ಹೀಗೆ ಬೆಳೆಯಿತು.

ಆ ಲೆಕ್ಕದ ಒಂದು ಭಾಗ 2000ನೇ ಇಸವಿಯಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯ 79ನೇ ಸಂಪುಟದಲ್ಲಿ ಅಚ್ಚಾಯಿತು. ಲೇಖಕರ ಹೆಸರುಗಳ ಸಾಲನ್ನು ನೋಡಿದಾಗ ನನಗೆ ಈ ಜಿಲ್ಲೆಯ ಯಾವುದೋ ಶಾಲೆಯ ಹಾಜರಿ ಪುಸ್ತಕ ತೆರೆದ ಹಾಗಾಯಿತು: ಭಟ್ಟ, ನಾಯ್ಕ, ಪಟಗಾರ, ಹೆಗಡೆ, ಶಾಸ್ತ್ರಿ, ಶೆಟ್ಟಿ, ಫುರ್ಟಾಡೊ. ಇಂಥ ಕೆಲಸದಲ್ಲಿ ಕಾಡಿಗೆ ಹೋಗಿ ಟೇಪು ಹಿಡಿದವರ ಹೆಸರು ಬಹಳ ಸಲ ಕೊನೆಯ ಕೃತಜ್ಞತೆಯ ಸಾಲಿಗೆ ಸರಿದುಬಿಡುತ್ತದೆ. ಇಲ್ಲಿ ನೆಲದ ಹೆಸರುಗಳು ಲೇಖಕರ ಸಾಲಿನಲ್ಲೇ ಕೂತಿವೆ. ಕರೆಂಟ್ ಸೈನ್ಸ್‌ನ ಹಳೆಯ ಸಂಚಿಕೆಗಳನ್ನು ಇಂದು ಯಾರು ಬೇಕಾದರೂ ಅಂತರ್ಜಾಲದಲ್ಲಿ ಹಣ ಕೊಡದೆ ಓದಬಹುದು. ಅದೇ ತಾಕುಗಳ ಜೀವರಾಶಿ ಮತ್ತು ಇಂಗಾಲದ ಲೆಕ್ಕ 2011ರಲ್ಲಿ ತೈವಾನಿನ ವಿಶ್ವವಿದ್ಯಾಲಯವೊಂದು ಹೊರತರುವ ‘ತೈವಾನಿಯಾ’ ಪತ್ರಿಕೆಯಲ್ಲಿ ಬಂತು. ಅದಕ್ಕೂ ಬೀಗವಿಲ್ಲ.

ಅಂದರೆ ಭೈರುಂಬೆಯ ಕಾಡಿನ ಲೆಕ್ಕ ಭೈರುಂಬೆಯ ಹುಡುಗಿಯೊಬ್ಬಳ ಮೊಬೈಲಿನಲ್ಲಿ ತೆರೆಯುತ್ತದೆ. ಇದು ನಮ್ಮ ಭಾಗ್ಯ. ಆದರೆ ಭಾಗ್ಯದ ಮೇಲೆ ಬಿಡಬಹುದಾದ ಸಂಗತಿಯಲ್ಲ ಇದು. ಇದೇ ಘಟ್ಟದ ಮಣ್ಣು, ಕಪ್ಪೆ, ಜೇನು, ಮೆಣಸಿನ ಬಳ್ಳಿಯ ಮೇಲೆ ಇದೇ ಬಗೆಯ ಸಾರ್ವಜನಿಕ ಹಣದಿಂದ ನಡೆದ ಅದೆಷ್ಟೋ ಕೆಲಸಗಳು ಹೊರದೇಶದ ಪ್ರಕಾಶಕರ ಬೀಗದ ಹಿಂದೆ ಇವೆ.

ಮುಯ್ಯಾಳಿನ ದುಡಿಮೆ, ಬೇರೆಯವರ ಗಲ್ಲಾಪೆಟ್ಟಿಗೆ

ಬೀಗ ಬೀಳುವ ಬಗೆಯನ್ನು ಸರಳವಾಗಿ ಹೇಳುತ್ತೇನೆ. ಸಂಶೋಧಕರಿಗೆ ಸಂಬಳ ಕೊಡುವುದು ಸರ್ಕಾರ ಅಥವಾ ವಿಶ್ವವಿದ್ಯಾಲಯ. ಜೀಪಿನ ಡೀಸೆಲ್ಲು, ಪ್ರಯೋಗಾಲಯದ ರಾಸಾಯನಿಕ, ಹುಡುಗರ ಫೆಲೋಶಿಪ್ ಎಲ್ಲವೂ ಅನುದಾನದ್ದು. ಲೇಖನ ಸಿದ್ಧವಾದ ಮೇಲೆ ಅದನ್ನು ಜರ್ನಲ್ಲಿಗೆ ಕಳಿಸುತ್ತಾರೆ. ಜರ್ನಲ್ಲು ಅದನ್ನು ಅದೇ ವಿಷಯ ಬಲ್ಲ ಇಬ್ಬರೋ ಮೂವರೋ ವಿದ್ವಾಂಸರಿಗೆ ಪರಿಶೀಲನೆಗೆ ಕೊಡುತ್ತದೆ. ಅವರು ತಿಂಗಳುಗಟ್ಟಲೆ ಓದಿ, ತಪ್ಪು ಹುಡುಕಿ, ತಿದ್ದುಪಡಿ ಹೇಳುತ್ತಾರೆ. ಸಾಮಾನ್ಯವಾಗಿ ಅವರಿಗೆ ಒಂದು ಪೈಸೆಯೂ ಸಿಗುವುದಿಲ್ಲ.

ನಮ್ಮೂರಿನ ಭಾಷೆಯಲ್ಲಿ ಹೇಳುವುದಾದರೆ ಇದು ಮುಯ್ಯಾಳಿನ ಕೆಲಸ. ನಿಮ್ಮ ಗದ್ದೆಯ ನೆಟ್ಟಿಗೆ ನಾನು ಬಂದೆ, ನಮ್ಮ ಮನೆಯ ಅಡಿಕೆ ಸುಲಿಯಲು ನೀವು ಬನ್ನಿ. ಮುಯ್ಯಾಳಿನ ಲೆಕ್ಕದಲ್ಲಿ ದುಡಿಮೆಯೂ ಫಸಲೂ ಊರೊಳಗೇ ಉಳಿಯುತ್ತವೆ. ಜರ್ನಲ್ಲಿನ ಲೋಕದಲ್ಲಿ ಮುಯ್ಯಾಳಾಗಿ ದುಡಿದವರು ವಿಜ್ಞಾನಿಗಳು, ಫಸಲನ್ನು ಉಗ್ರಾಣಕ್ಕೆ ಹಾಕಿ ಬೀಗದ ಕೈ ಇಟ್ಟುಕೊಂಡವರು ಪ್ರಕಾಶಕರು. ಬೆಳೆದವನ ಮನೆಯವರೇ ಆಮೇಲೆ ಅದನ್ನು ಚಂದಾ ಕೊಟ್ಟು ಕೊಳ್ಳಬೇಕು.

ಈ ಪದ್ಧತಿಯನ್ನು ಬಿಡಿಸಬೇಕೆಂದು 2002ರ ಫೆಬ್ರವರಿಯಲ್ಲಿ ಬುಡಾಪೆಸ್ಟ್ ನಗರದಿಂದ ಒಂದು ಘೋಷಣೆ ಹೊರಟಿತು. ಓಪನ್ ಆಕ್ಸೆಸ್, ನಾವು ಮುಕ್ತ ಪ್ರಕಟಣೆ ಎನ್ನೋಣ, ಅಲ್ಲಿಂದ ದೊಡ್ಡ ಹೆಸರಾಯಿತು. ಓದುವವನಿಗೆ ತಡೆಯಿಲ್ಲ, ಹಂಚಲು ತಡೆಯಿಲ್ಲ, ಬರೆದವರ ಹೆಸರನ್ನು ಗೌರವದಿಂದ ಹೇಳಿದರೆ ಸಾಕು ಎಂಬುದು ಅದರ ತಿರುಳು.

ಹಕ್ಕಿನ ಈ ಬಗೆ ನಮಗೆ ಹೊಸದಲ್ಲ. ಸೊಪ್ಪಿನ ಬೆಟ್ಟವನ್ನು ನೆನೆಯಿರಿ. ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಎಂಬ ಏರ್ಪಾಡು ನಮ್ಮ ಕಡೆ ಬಂದದ್ದು ಬ್ರಿಟಿಷರ ಕಾಲದಿಂದ. ನೆಲ ಸರ್ಕಾರದ್ದು, ಸೊಪ್ಪು, ದರಕು, ಸೌದೆಯ ಬಳಕೆ ತೋಟದವರದ್ದು. ಒಡೆತನ ಒಂದು ಕಡೆ, ಬಳಕೆಯ ಹಕ್ಕು ಇನ್ನೊಂದು ಕಡೆ ಇದ್ದರೂ ಬದುಕು ನಡೆದಿದೆ. ‘ಕ್ರಿಯೇಟಿವ್ ಕಾಮನ್ಸ್’ ಎಂಬ ಪರವಾನಗಿಯೂ ಹೀಗೆಯೇ: ಬರಹದ ಒಡೆತನ ಲೇಖಕರದ್ದಾಗಿ ಉಳಿಯುತ್ತದೆ, ಬಳಕೆ ಎಲ್ಲರದ್ದಾಗುತ್ತದೆ. ನಮ್ಮ ಬೆಟ್ಟದ ಬಳಕೆ ತೋಟದವರಿಗಷ್ಟೇ ಸೀಮಿತ. ಈ ಪರವಾನಗಿಯಲ್ಲಿ ಆ ಮಿತಿಯೂ ಇಲ್ಲ.

ಬೀಗ ಓದುಗನಿಂದ ಲೇಖಕನ ಬಾಗಿಲಿಗೆ

ಓದುಗನಿಂದ ಹಣ ಬೇಡವೆಂದಾದರೆ ಅಚ್ಚಿನ ಖರ್ಚು ಕೊಡುವವರು ಯಾರು? ದೊಡ್ಡ ಪ್ರಕಾಶಕರು ಇದಕ್ಕೆ ಕಂಡುಕೊಂಡ ಉತ್ತರ, ಲೇಖಕನೇ ಕೊಡಲಿ ಎಂಬುದು. ಅದರ ಹೆಸರು ಲೇಖನ ಸಂಸ್ಕರಣಾ ಶುಲ್ಕ. ಪ್ರಯೋಗಾಲಯಗಳಲ್ಲಿ ‘ಎಪಿಸಿ’ ಎನ್ನುತ್ತಾರೆ. ಲೇಖನ ಒಪ್ಪಿಗೆಯಾದ ಮೇಲೆ ಡಾಲರಿನಲ್ಲೋ ಯೂರೋದಲ್ಲೋ ಬಿಲ್ಲು ಬರುತ್ತದೆ. ಕಟ್ಟಿದರೆ ಲೇಖನ ತೆರೆದಿರುತ್ತದೆ, ಕಟ್ಟದಿದ್ದರೆ ಬಹಳ ಜರ್ನಲ್ಲುಗಳಲ್ಲಿ ಅದು ಮತ್ತೆ ಬೀಗದ ಹಿಂದೆ ಹೋಗುತ್ತದೆ.

ಮೊತ್ತ ಎಷ್ಟಿರಬಹುದು? ‘ನೇಚರ್’ ಪತ್ರಿಕೆ 2021ರ ಆರಂಭದಿಂದ ಮುಕ್ತ ಪ್ರಕಟಣೆಗೆ ಗೊತ್ತುಮಾಡಿದ ಶುಲ್ಕ ಲೇಖನವೊಂದಕ್ಕೆ 9,500 ಯೂರೋ. ಆಗಿನ ದರದಲ್ಲಿ ಅದು 8 ಲಕ್ಷ ರೂಪಾಯಿಗೂ ಮೇಲೆ. ನಮ್ಮ ದೇಶದಲ್ಲಿ ಕಿರಿಯ ಸಂಶೋಧಕನಿಗೆ 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ. ಒಂದು ಲೇಖನದ ಬಾಗಿಲು ತೆರೆಯಲು ಒಬ್ಬ ಹುಡುಗನ ಹತ್ತಿರಹತ್ತಿರ ಎರಡು ವರ್ಷದ ಫೆಲೋಶಿಪ್ ಬೇಕು! ನೇಚರ್ ಅತಿ ಎತ್ತರದ ಉದಾಹರಣೆ, ಒಪ್ಪುತ್ತೇನೆ. ಇದಕ್ಕಿಂತ ಬಹಳ ಕಡಿಮೆಯ ಜರ್ನಲ್ಲುಗಳಿವೆ. ಆದರೆ ಸಣ್ಣ ಕಾಲೇಜಿನ ಅಧ್ಯಾಪಕನಿಗೆ ಕಡಿಮೆ ಎನ್ನುವ ಶುಲ್ಕವೂ ತಿಂಗಳ ಸಂಬಳವನ್ನು ಮೀರುತ್ತದೆ. ಬಡ ದೇಶಗಳಿಗೆಂದು ಪ್ರಕಾಶಕರು ಕೊಡುವ ಪೂರ್ತಿ ವಿನಾಯಿತಿಯ ಪಟ್ಟಿಯಲ್ಲಿ ಭಾರತ ಸಾಮಾನ್ಯವಾಗಿ ಇರುವುದಿಲ್ಲ.

ಇಲ್ಲಿ ನನ್ನ ಶಿಷ್ಯನೊಬ್ಬನ ವಿಷಯ ಹೇಳಬೇಕು. ಗ್ರಾಮೀಣ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕ. ಕಾಳುಮೆಣಸಿನ ಸೊರಗು ರೋಗದ ಮೇಲೆ ಕೆಲಸ ಮಾಡಲು ಅವನಿಗೆ ಸಣ್ಣ ಅನುದಾನ ಸಿಕ್ಕಿತ್ತು. ಎರಡು ಮಳೆಗಾಲ ನಮ್ಮ ಕಡೆಯ ತೋಟಗಳನ್ನು ಸುತ್ತಿದ. ತೋಟದವರು ಮಣ್ಣು ಕೊಟ್ಟರು, ಬೇರು ಕಿತ್ತು ಕೊಟ್ಟರು, ಮಧ್ಯಾಹ್ನ ಊಟಕ್ಕೆ ಬಡಿಸಿದರು, ತಮ್ಮ ಅಜ್ಜನ ಕಾಲದಿಂದ ಕಂಡದ್ದನ್ನೆಲ್ಲ ಹೇಳಿದರು. ಯೋಜನೆಯ ಅವಧಿ ಮುಗಿಯಿತು. ನಿಯಮದಂತೆ ಹಣ ಬಳಕೆಯ ಪ್ರಮಾಣಪತ್ರ ಕಳಿಸಿ, ಉಳಿದ ಮೊತ್ತವನ್ನು ಹಿಂದಿರುಗಿಸಿ, ಖಾತೆ ಮುಚ್ಚಿದ. ಲೇಖನ ಒಪ್ಪಿಗೆಯಾದದ್ದು ಅದರ ನಂತರ, ಹದಿನಾಲ್ಕು ತಿಂಗಳಿಗೆ. ತೆರೆದಿಡಬೇಕಾದರೆ ಹಣ ಕಟ್ಟಿ ಎಂಬ ಪತ್ರ ಬಂತು. ಅನುದಾನ ಕೊಟ್ಟವರಲ್ಲಿ ಕೇಳಿದರೆ ಯೋಜನೆ ಮುಗಿದಿದೆ ಎಂದರು. ಕಾಲೇಜಿನಲ್ಲಿ ಅದಕ್ಕೊಂದು ಲೆಕ್ಕಶೀರ್ಷಿಕೆಯೇ ಇರಲಿಲ್ಲ. ಮಗಳ ಶಾಲೆಯ ಫೀಸಿನ ತಿಂಗಳು ಅದು. ಲೇಖನ ಬೀಗದ ಹಿಂದೆ ಹೋಯಿತು.

ಮರುವರ್ಷ ತೋಟದ ಹಿರಿಯರೊಬ್ಬರು ಅವನನ್ನು ಕಂಡು ಕೇಳಿದರಂತೆ: “ನಮ್ಮನೆ ತೋಟದ ಲೆಕ್ಕ ನಂಗಕ್ಕಿಗೇ ಓದಲೆ ಸಿಕ್ತಿಲ್ಯ?” ಈ ಮಾತನ್ನು ನನಗೆ ಹೇಳುವಾಗ ಅವನು ತಲೆ ತಗ್ಗಿಸಿದ್ದ. ತಪ್ಪು ಅವನದಲ್ಲ. ಅನುದಾನವನ್ನು ಹೆಣೆದವರು ಕೊಯ್ಲಿನವರೆಗೆ ಯೋಚಿಸಿದ್ದರು, ಫಸಲನ್ನು ಮನೆಮನೆಗೆ ಮುಟ್ಟಿಸುವುದನ್ನು ಯೋಚಿಸಿರಲಿಲ್ಲ.

ಹೊರಗಿನವರು ನಡೆದು ನೋಡಿದ ದಾರಿ

ಯೋಜನೆ ಮುಗಿದ ಮೇಲೆ ಬರುವ ಬಿಲ್ಲಿನ ತೊಡಕು ನಮಗೊಬ್ಬರಿಗೇ ಬಂದದ್ದಲ್ಲ. ಯುರೋಪಿಯನ್ ಒಕ್ಕೂಟ ತನ್ನ ಏಳನೆಯ ಸಂಶೋಧನಾ ಚೌಕಟ್ಟಿನ ಯೋಜನೆಗಳಿಗಾಗಿ 2015ರಲ್ಲಿ ಒಂದು ಪ್ರಯೋಗ ಮಾಡಿತು. 40 ಲಕ್ಷ ಯೂರೋ ತೆಗೆದಿಟ್ಟು, ಅನುದಾನ ಮುಗಿದ ಎರಡು ವರ್ಷದೊಳಗೆ ಪ್ರಕಟವಾಗುವ ಬರಹಗಳ ಖರ್ಚು ಕೊಟ್ಟಿತು. ಯೋಜನೆಯೊಂದಕ್ಕೆ ಮೂರು ಪ್ರಕಟಣೆಗಳು, ಲೇಖನಕ್ಕೆ ಹೆಚ್ಚೆಂದರೆ 2,000 ಯೂರೋ, ಗ್ರಂಥಕ್ಕೆ 6,000 ಯೂರೋ ಎಂಬ ಮಿತಿ ಹಾಕಿತು. ಚಂದಾವನ್ನೂ ಪಡೆದು ಶುಲ್ಕವನ್ನೂ ಕೇಳುವ ಜರ್ನಲ್ಲುಗಳಿಗೆ ಇದರಲ್ಲಿ ಹಣವಿಲ್ಲ ಎಂದು ಖಚಿತವಾಗಿ ಹೇಳಿತು. 2018ರವರೆಗೆ ಇದು ನಡೆಯಿತು. ಆಮೇಲೆ ಒಂದು ಹೆಜ್ಜೆ ಮುಂದೆ ಹೋಗಿ 2021ರಲ್ಲಿ ‘ಓಪನ್ ರಿಸರ್ಚ್ ಯುರೋಪ್’ ಎಂಬ ತನ್ನದೇ ಪ್ರಕಟಣಾ ವೇದಿಕೆ ತೆರೆಯಿತು. ತನ್ನ ಅನುದಾನ ಪಡೆದ ಲೇಖಕರಿಗೆ ಅಲ್ಲಿ ಶುಲ್ಕವಿಲ್ಲ, ಓದುಗರಿಗಂತೂ ಇಲ್ಲವೇ ಇಲ್ಲ.

ಗೇಟ್ಸ್ ಫೌಂಡೇಶನ್ ವರ್ಷಗಟ್ಟಲೆ ತನ್ನ ಅನುದಾನಿತರ ಪರವಾಗಿ ಶುಲ್ಕ ಕಟ್ಟುತ್ತಿತ್ತು. 2025ರ ಜನವರಿಯಿಂದ ಅದನ್ನು ನಿಲ್ಲಿಸಿ, ಜರ್ನಲ್ಲಿಗೆ ಕಳಿಸುವ ಹಸ್ತಪ್ರತಿಯನ್ನು ಪ್ರಿಪ್ರಿಂಟ್ ಆಗಿ ಮೊದಲೇ ಸಾರ್ವಜನಿಕವಾಗಿ ಇಡಬೇಕೆಂದಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2025ರ ಜುಲೈ 1ರಿಂದ, ತಮ್ಮ ಹಣದ ಲೇಖನದ ಒಪ್ಪಿತ ಪ್ರತಿ ಪ್ರಕಟಣೆಯ ದಿನವೇ ಎಲ್ಲರಿಗೂ ಸಿಗಬೇಕೆಂದು ನಿಯಮ ಮಾಡಿದವು. ಶುಲ್ಕ ಕಟ್ಟುತ್ತಲೇ ಹೋದರೆ ಶುಲ್ಕ ಏರುತ್ತಲೇ ಹೋಗುತ್ತದೆ ಎಂಬುದನ್ನು ಹಣವುಳ್ಳವರೂ ಕಂಡುಕೊಂಡಿದ್ದಾರೆ.

ಹಾಗೆಂದು ಶುಲ್ಕ ಕಟ್ಟಿ ತೆರೆದದ್ದರಿಂದ ನಮಗೆ ಉಪಕಾರವೇ ಆಗಿಲ್ಲವೆಂದು ನಾನು ಹೇಳಲಾರೆ. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾಯಿತು. ಸಿದ್ದಾಪುರದ ಮನೆಗಳು ಅದರ ನೋವನ್ನು ಕಂಡಿವೆ. ರೋಗ ಎಲ್ಲಿ ತಲೆಯೆತ್ತಬಹುದು ಎಂದು ಮುಂಚಿತವಾಗಿ ಹೇಳುವ ನಕ್ಷೆಗಳ ಕುರಿತು ಬ್ರಿಟನ್ನಿನ ವಿಜ್ಞಾನಿಗಳು ಬೆಂಗಳೂರಿನ ಏಟ್ರೀ, ನಿವೇದಿ ಮೊದಲಾದ ಸಂಸ್ಥೆಗಳ ಜೊತೆ ಸೇರಿ ಬರೆದ ಲೇಖನ 2020ರಲ್ಲಿ ‘ಪ್ಲಾಸ್’ ಬಳಗದ ಜರ್ನಲ್ಲಿನಲ್ಲಿ ಬಂತು. ಹಣ ಬಂದದ್ದು ಬ್ರಿಟನ್ನಿನ ಸಂಶೋಧನಾ ಮಂಡಳಿಗಳಿಂದ. ಸಿದ್ದಾಪುರದ ವೈದ್ಯರು ಅದನ್ನು ಇಂದು ರಾತ್ರಿಯೇ ಓದಬಹುದು. ನಮ್ಮ ಕಾಡಿನ ರೋಗದ ಅರಿವು ಬ್ರಿಟನ್ನಿನ ತೆರಿಗೆದಾರರ ಹಣದಿಂದ ನಮಗೆ ತೆರೆದು ಸಿಗುವುದಾದರೆ, ನಮ್ಮ ತೆರಿಗೆಯಿಂದ ಹುಟ್ಟಿದ ಅರಿವು ನಮಗೆ ಮುಚ್ಚಿರುವುದು ಎಷ್ಟು ಸರಿ?

ಒಂದು ರಾಷ್ಟ್ರ, ಒಂದು ಚಂದಾ

ನಮ್ಮ ಸರ್ಕಾರ ಸುಮ್ಮನೆ ಕೂತಿಲ್ಲ. ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಜರ್ನಲ್ಲುಗಳು, ಸರ್ಕಾರಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು 6,300ಕ್ಕೂ ಹೆಚ್ಚು, ಅಂದಾಜು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರು. ಹಳ್ಳಿಯ ಸರ್ಕಾರಿ ಕಾಲೇಜಿನ ಹುಡುಗನಿಗೆ ದಿಲ್ಲಿಯ ಐಐಟಿಯವನಿಗೆ ಸಿಗುವ ಜರ್ನಲ್ಲೇ ಸಿಗುತ್ತದೆ ಎಂಬುದು ಸಣ್ಣ ಸಂಗತಿಯಲ್ಲ. ಇದನ್ನು ನಾನು ಸ್ವಾಗತಿಸುತ್ತೇನೆ.

ಆದರೆ ಈ ಬಾಗಿಲು ತೆರೆಯುವುದು ಸಂಸ್ಥೆಯ ಗುರುತುಚೀಟಿ ಇದ್ದವರಿಗೆ. ಖಾಸಗಿ ಕಾಲೇಜಿನ ಅಧ್ಯಾಪಕ ಹೊರಗೆ. ನಿವೃತ್ತನಾದ ನಾನು ಹೊರಗೆ. ಕೃಷಿಯ ಬಗ್ಗೆ ಬರೆಯುವ ಪತ್ರಕರ್ತ, ಸಹಕಾರಿ ಸಂಘದ ಸಲಹೆಗಾರ, ಎಲೆಚುಕ್ಕಿ ರೋಗಕ್ಕೆ ಕಂಗೆಟ್ಟ ಯಲ್ಲಾಪುರದ ತೋಟಿಗ ಎಲ್ಲರೂ ಹೊರಗೆ. ಚಂದಾ ಎಂಬುದು ಬಾಡಿಗೆ. ಮೂರು ವರ್ಷದ ಕರಾರು ಮುಗಿದರೆ ಮತ್ತೆ ಹಣ ಹೂಡಬೇಕು. ಮುಕ್ತವಾಗಿ ಪ್ರಕಟವಾದದ್ದು ಎಂದೆಂದಿಗೂ ತೆರೆದೇ ಇರುತ್ತದೆ.

ಇದೇ ಯೋಜನೆಯಲ್ಲಿ ಒಳ್ಳೆಯ ಮುಕ್ತ ಜರ್ನಲ್ಲುಗಳಲ್ಲಿ ಬರೆಯುವ ಲೇಖಕರ ಶುಲ್ಕಕ್ಕೆಂದು ವರ್ಷಕ್ಕೆ 150 ಕೋಟಿ ರೂಪಾಯಿಯ ನೆರವನ್ನೂ ಹೇಳಲಾಗಿದೆ. ಓದಲು ವರ್ಷಕ್ಕೆ ಸರಾಸರಿ 2,000 ಕೋಟಿ, ತೆರೆಯಲು 150 ಕೋಟಿ. ಈ ತಕ್ಕಡಿ ನಿಧಾನವಾಗಿಯಾದರೂ ತೆರೆಯುವ ಕಡೆಗೆ ವಾಲಬೇಕು. ವಾಲುವಾಗ ಆ ಹಣ ಒಂದೊಂದು ಲೇಖನದ ಬಿಲ್ಲಾಗಿ ಹೊರದೇಶಕ್ಕೆ ಹರಿದುಹೋಗದೆ, ನಮ್ಮದೇ ಜರ್ನಲ್ಲುಗಳನ್ನು ಗಟ್ಟಿಮಾಡಲು ಬಳಕೆಯಾಗಬೇಕು.

ನಮ್ಮ ಅಂಗಳದಲ್ಲೇ ಇರುವ ಮಾದರಿಗಳು

ನಮ್ಮದೇ ಜರ್ನಲ್ಲು ಎಂದರೆ ಮುಖ ಸಪ್ಪೆ ಮಾಡಬೇಕಾಗಿಲ್ಲ. 1932ರಲ್ಲಿ ಬೆಂಗಳೂರಿನಲ್ಲಿ ಕರೆಂಟ್ ಸೈನ್ಸ್ ಹುಟ್ಟಿದಾಗ ಅದರ ಮೊದಲ ಸಂಪಾದಕರಾದವರು ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಸಿ.ಆರ್. ನಾರಾಯಣರಾವ್, ಪಶ್ಚಿಮ ಘಟ್ಟದ ಕಪ್ಪೆಗಳನ್ನು ವರ್ಣಿಸಿದವರು. ಸಿ.ವಿ. ರಾಮನ್ 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಸ್ಥಾಪಿಸಿ, ಅದರ ನಡಾವಳಿ ಪತ್ರಿಕೆಯಲ್ಲಿ ತಮ್ಮ ಕೆಲಸವನ್ನು ಪ್ರಕಟಿಸಿದರು. ಅಕಾಡೆಮಿಯ ಜರ್ನಲ್ಲುಗಳನ್ನು ಅದರ ತಾಣದಲ್ಲಿ ಹಣ ಕೊಡದೆ ಓದಬಹುದು. ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ತನ್ನವರ ಲೇಖನಗಳ ಮುಕ್ತ ಭಂಡಾರ ‘ಇ-ಪ್ರಿಂಟ್ಸ್’ ತೆರೆಯಿತು. ದೇಶದಲ್ಲಿ ಅಂಥದ್ದು ಅದೇ ಮೊದಲು. ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ‘ಶೋಧಗಂಗಾ’ದಲ್ಲಿ, ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳು ‘ಕೃಷಿಕೋಶ’ದಲ್ಲಿ ಸಿಗುತ್ತವೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2013ರಲ್ಲಿ, ಜೈವಿಕ ತಂತ್ರಜ್ಞಾನ ಮತ್ತು ವಿಜ್ಞಾನ-ತಂತ್ರಜ್ಞಾನ ಇಲಾಖೆಗಳು 2014ರ ಡಿಸೆಂಬರಿನಲ್ಲಿ, ತಮ್ಮ ಹಣದ ಸಂಶೋಧನೆಯ ಒಪ್ಪಿತ ಹಸ್ತಪ್ರತಿಯನ್ನು ಇಂಥ ಭಂಡಾರದಲ್ಲಿ ಇಡಬೇಕೆಂಬ ನೀತಿ ಮಾಡಿವೆ.

ಈ ಕೊನೆಯ ಮಾತನ್ನು ಒತ್ತಿ ಹೇಳುತ್ತೇನೆ. ಬಹಳಷ್ಟು ಜರ್ನಲ್ಲುಗಳು ಲೇಖಕನ ಒಪ್ಪಿತ ಹಸ್ತಪ್ರತಿಯನ್ನು ಕೆಲ ತಿಂಗಳ ನಂತರ ಭಂಡಾರದಲ್ಲಿಡಲು ಬಿಡುತ್ತವೆ. ಇದಕ್ಕೆ ಶುಲ್ಕವಿಲ್ಲ. ನನ್ನ ಶಿಷ್ಯನಿಗೆ ಇದು ತಿಳಿದಿರಲಿಲ್ಲ, ತಿಳಿಸಬೇಕಾದ ನನಗೂ ಆಗ ತಿಳಿದಿರಲಿಲ್ಲ. ಈಗ ಅವನ ಲೇಖನದ ಪ್ರತಿ ತೆರೆದಿದೆ. ತೋಟದ ಆ ಹಿರಿಯರಿಗೆ ಮೊದಲ ಮುದ್ರಿತ ಪ್ರತಿಯನ್ನು ಅವನೇ ಕೊಂಡೊಯ್ದು ಕೊಟ್ಟ.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ತೋಟದ ಚರಿತ್ರೆಯೇ ದಾರಿ ತೋರಿಸುತ್ತದೆ. ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಕೃಷಿ ಇಲಾಖೆಯ ಬುಲೆಟಿನ್ ಆಗಿ ಹೊರತಂದರು. ‘ಕೊಳೆರೋಗ’ ಎಂಬ ನಮ್ಮ ಮಾತೇ ಅದರ ಹೆಸರಿನಲ್ಲಿ ಸೇರಿ ಜಗತ್ತಿನ ವಿಜ್ಞಾನಕ್ಕೆ ಹೋಯಿತು. ಸಂಶೋಧನೆಗೆ ಹಣ ಕೊಟ್ಟ ಸರ್ಕಾರವೇ ಅಚ್ಚಿಗೂ ಕೊಟ್ಟಿತು. ಆ ರೋಗ ತಡೆಯಲು ಸಿಂಪಡಿಸುವ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಇಂದಿಗೂ ಪ್ರತಿ ಮಳೆಗಾಲ ನಮ್ಮ ಕೊನೆಗೌಡರ ಕೈಯಲ್ಲಿ ಮರ ಏರುತ್ತಿದೆ.

1923ರಲ್ಲಿ ಶಿರಸಿಯ ತೋಟಗಾರರು ಕೂಡಿ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದರು. ಬೆಳೆದವರೇ ಒಡೆಯರಾದ ಮಾರಾಟ ವ್ಯವಸ್ಥೆ ಅದು. ಅದೇ ಸೊಸೈಟಿ 1981ರಲ್ಲಿ, ಬೇಡ್ತಿ ಜಲವಿದ್ಯುತ್ ಯೋಜನೆ ತೋಟಗಳನ್ನು ಮುಳುಗಿಸುವ ಭಯ ಬಂದಾಗ, ವಿಜ್ಞಾನಿಗಳನ್ನೂ ಕೃಷಿಕರನ್ನೂ ಶಿರಸಿಯಲ್ಲಿ ಒಟ್ಟಿಗೆ ಕೂರಿಸಿತು. ಅಲ್ಲಿನ ವಿಚಾರ ಗಾಂಧಿ ಶಾಂತಿ ಪ್ರತಿಷ್ಠಾನದ ಜೊತೆಗೂಡಿ ಪುಸ್ತಕವಾಯಿತು. ಯೋಜನೆ ನಿಂತಿತು. ಅಡಿಕೆ ಮಾರಿದ ಜನರ ಸಂಘ ವಿಜ್ಞಾನದ ಚರ್ಚೆಗೆ ಆಸರೆಯಾದ ಊರು ನಮ್ಮದು. ಅಡಿಕೆಗೆ ತಮ್ಮದೇ ಸಂಘ ಕಟ್ಟಲು ಬೆಳೆಗಾರರಿಗೆ ಸಾಧ್ಯವಾದರೆ, ಲೇಖನಕ್ಕೆ ತಮ್ಮದೇ ಜರ್ನಲ್ಲು ನಡೆಸಲು ನಮ್ಮ ವಿಶ್ವವಿದ್ಯಾಲಯಗಳಿಗೆ ಏಕೆ ಸಾಧ್ಯವಿಲ್ಲ?

ಇಲ್ಲೊಂದು ಎಚ್ಚರಿಕೆಯೂ ಬೇಕು. ಮುಕ್ತ ಎಂಬ ಹೆಸರಿನಲ್ಲಿ, ಪರಿಶೀಲನೆಯಿಲ್ಲದೆ ಹಣ ಕಟ್ಟಿದ್ದೆಲ್ಲವನ್ನೂ ಅಚ್ಚು ಹಾಕುವ ವಂಚಕ ಜರ್ನಲ್ಲುಗಳು ನಮ್ಮ ದೇಶದಲ್ಲಿ ಬಹಳ ಹಾವಳಿ ಮಾಡಿವೆ. ಯುಜಿಸಿ 2019ರಿಂದ ಇಟ್ಟಿದ್ದ, ನಂಬಬಹುದಾದ ಜರ್ನಲ್ಲುಗಳ ‘ಕೇರ್’ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟು, ಆಯ್ಕೆಯ ಹೊಣೆಯನ್ನು ಸಂಸ್ಥೆಗಳಿಗೇ ಬಿಟ್ಟಿದೆ. ಲೇಖಕನಿಂದ ಹಣ ಪಡೆಯುವುದೇ ವ್ಯಾಪಾರವಾದಲ್ಲಿ ಈ ರೋಗ ಹುಟ್ಟುತ್ತದೆ. ಖರ್ಚನ್ನು ಸಾಮೂಹಿಕವಾಗಿ ಹೊತ್ತರೆ ಈ ಆಮಿಷದ ಬೇರೇ ಒಣಗುತ್ತದೆ.

ಊರಿಗೆ ಮರಳುವ ದಾರಿ

ಲೇಖನದ ಬೀಗ ತೆರೆದರೆ ಸಾಕೇ? ಅದು ಇಂಗ್ಲಿಷಿನಲ್ಲಿದೆ, ಶಾಸ್ತ್ರದ ಭಾಷೆಯಲ್ಲಿದೆ. ಅದನ್ನು ಕನ್ನಡಕ್ಕೆ ತರುವವರು ಬೇಕು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ‘ವಿಜ್ಞಾನ’ ಪತ್ರಿಕೆ ತೊಡಗಿದ್ದು ಈ ಅರಿವಿನಿಂದಲೇ. ಪುತ್ತೂರಿನಿಂದ 1988ರಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ ಕೃಷಿಕನ ಕೈಗೇ ಲೇಖನಿ ಕೊಟ್ಟಿತು. ಮುಕ್ತ ಪರವಾನಗಿಗೂ ಕನ್ನಡಕ್ಕೂ ನೇರವಾದ ನಂಟಿದೆ: ಬೀಗ ಹಾಕಿದ ಲೇಖನವನ್ನು ಅನುವಾದಿಸಲು ಪ್ರಕಾಶಕನ ಅಪ್ಪಣೆ ಬೇಕು, ಅದು ಬರುವಷ್ಟರಲ್ಲಿ ರೋಗ ತೋಟ ದಾಟಿರುತ್ತದೆ, ಲೇಖಕರ ಹೆಸರು ಹೇಳಿದರೆ ಸಾಕೆಂಬ ಪರವಾನಗಿಯ ಲೇಖನವನ್ನು ಭೈರುಂಬೆಯ ಶಾಲೆಯ ಮೇಷ್ಟರು ನಾಳೆಯೇ ಕನ್ನಡಕ್ಕೆ ತಂದು ಸಂಘದ ಹಲಗೆಗೆ ಅಂಟಿಸಬಹುದು.

ಹಾಗಾಗಿ ಮೂರು ಕಡೆಗೆ ನನ್ನ ವಿನಂತಿ.

ಅನುದಾನ ಕೊಡುವ ಇಲಾಖೆಗಳಿಗೆ: ಪ್ರಕಟಣೆಯ ಖರ್ಚನ್ನು ಸಂಶೋಧನೆಯ ಖರ್ಚೆಂದೇ ಎಣಿಸಿ. ಯೋಜನೆ ಮುಗಿದ ಮೇಲೂ ಎರಡು ವರ್ಷ ತೆರೆದಿರುವ ಒಂದು ಸಣ್ಣ ನಿಧಿಯನ್ನು ಇಡಿ, ಅದಕ್ಕೆ ಮಿತಿ ಹಾಕಿ, ಎರಡೂ ಕಡೆಯಿಂದ ಹಣ ಪಡೆಯುವವರಿಗೆ ಅದನ್ನು ಕೊಡಬೇಡಿ. ಅದಕ್ಕಿಂತ ಹೆಚ್ಚಿನ ಹಣವನ್ನು ಲೇಖಕನಿಗೂ ಓದುಗನಿಗೂ ಶುಲ್ಕವಿಲ್ಲದ ದೇಶದ ಜರ್ನಲ್ಲುಗಳಿಗೆ ದತ್ತಿಯಾಗಿ ಕೊಡಿ. ಪ್ರತಿ ಅಂತಿಮ ವರದಿಯ ಜೊತೆ ನಾಲ್ಕು ಪುಟದ ಕನ್ನಡ ಸಾರವನ್ನು ಕಡ್ಡಾಯ ಮಾಡಿ.

ಸಂಶೋಧಕರಿಗೆ: ಹಣವಿಲ್ಲವೆಂದು ಸುಮ್ಮನಾಗಬೇಡಿ. ಒಪ್ಪಿತ ಹಸ್ತಪ್ರತಿಯನ್ನು ಭಂಡಾರದಲ್ಲಿ ಇಡಿ. ಮಾಹಿತಿ ಕೊಟ್ಟ ಮನೆಯ ಜಗಲಿಗೆ ಒಂದು ಪ್ರತಿಯೊಂದಿಗೆ ಮರಳಿ ಹೋಗಿ.

ಕೊನೆಯದಾಗಿ ನಿಮಗೆ, ಭೈರುಂಬೆಯ ಬಂಧುಗಳಿಗೆ. ಮುಂದೆಯೂ ನಿಮ್ಮ ಬೆಟ್ಟಕ್ಕೆ, ತೋಟಕ್ಕೆ, ಜೇನಿನ ಪೆಟ್ಟಿಗೆಯ ಬಳಿಗೆ ಟೇಪು, ನೋಟ್‌ಬುಕ್ಕು ಹಿಡಿದ ಹುಡುಗ ಹುಡುಗಿಯರು ಬರುತ್ತಾರೆ. ಅವರನ್ನು ಎಂದಿನಂತೆ ಕರೆದು ಕೂರಿಸಿ, ಬೆಲ್ಲ ನೀರು ಕೊಡಿ, ಗೊತ್ತಿದ್ದುದನ್ನೆಲ್ಲ ಹೇಳಿ. ಅವರು ಏಳುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: “ಇದು ಎಲ್ಲಿ ಅಚ್ಚಾಗುತ್ತದೆ? ನಮಗೆ ಓದಲು ಸಿಗುತ್ತದೆಯೇ?” ಊರೂರಿನಲ್ಲಿ ಈ ಪ್ರಶ್ನೆ ಎದ್ದರೆ ಅದಕ್ಕೆ ಉತ್ತರ ಕೊಡುವ ಹೊಣೆ ದಿಲ್ಲಿಯವರೆಗೂ ತಲುಪುತ್ತದೆ. ಕೇಳುವುದನ್ನು ಮಾತ್ರ ಮರೆಯಬೇಡಿ.